ಕೊಕ್ಕರೆ ಮಾರ್ಕಿನ ಹಲ್ಲುಪುಡಿ

‘ತಾಳಿದವನು ಬಾಳಿಯಾನು’ ಅನ್ನುವ ಗಾದೆಯನ್ನು ಕ್ಯಾಲೆಂಡರಿನಲ್ಲೋ ಲಗ್ನಪತ್ರಿಕೆಯಲ್ಲೋ ಅಚ್ಚು ಹಾಕಿಕೊಡಿ ಎಂದು ಯಾರಾದರೂ ನನ್ನ ಪ್ರೆಸ್ಸಿಗೆ ಬಂದರೆ ಅವರಿಗೆ ಎರಡರಷ್ಟು ಚಾರ್ಜು ಹೇಳುತ್ತೇನೆ. ಬೇರೆ ಪ್ರೆಸ್ಸಿಗೆ ಹೋಗಿ ಸಾಯಲಿ ಎಂದೇ ಹೇಳುತ್ತೇನೆ. ಹಾಸನದ ಸಂತೇಪೇಟೆಯ ಗಲ್ಲಿಯಲ್ಲಿ ಕಾಲಲ್ಲಿ ತುಳಿಯುವ ಮಿಷನ್ನು ಇಟ್ಟುಕೊಂಡು ಕೂತಿರುವ ಪರಮಶಿವಯ್ಯನಿಗೆ ವಯಸ್ಸಾದ ಹಾಗೆ ತಲೆ ಕೆಡುತ್ತಿದೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ. ತಾಳಿದವನು ಹೇಗೆ ಬಾಳಿದ ಎಂಬುದನ್ನು ಒಂಬತ್ತು ವರ್ಷ ಹತ್ತಿರದಿಂದ ನೋಡಿದವನು ನಾನು.

ಐವತ್ತನಾಲ್ಕನೇ ಇಸವಿಯಲ್ಲಿ ಇಬ್ಬರು ಒಟ್ಟಿಗೆ ನನ್ನ ಪ್ರೆಸ್ಸಿಗೆ ಬಂದರು. ಒಬ್ಬ ರಂಗಸ್ವಾಮಿ, ಕಟ್ಟಾಯದ ದೊಡ್ಡ ಜಮೀನಿನವರ ಮನೆಯ ಎರಡನೇ ಮಗ. ಗದ್ದೆಯ ಕೆಸರು ಅಣ್ಣನಿಗಿರಲಿ, ತಾನು ವ್ಯಾಪಾರ ಮಾಡುತ್ತೇನೆ ಎಂದು ಹಾಸನದಲ್ಲಿ ಅಂಗಡಿ ಹಿಡಿದಿದ್ದ. ಖಾದಿ ಷರಟು, ಜೇಬಿನಲ್ಲಿ ಪೆನ್ನು. ಇನ್ನೊಬ್ಬ ಸಾಲಗಾಮೆಯ ಲಕ್ಕಯ್ಯ. ರಂಗಸ್ವಾಮಿ ಬಂದು ಕುರ್ಚಿಯಲ್ಲಿ ಕೂತ. ಲಕ್ಕಯ್ಯ ಹೊಸ್ತಿಲಿನ ಆಚೆಯೇ ನಿಂತ. ಒಳಗೆ ಬಾ ಎಂದು ನಾನೂ ಅನ್ನಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೇನೋ ಬಹಳ ಸಾಚಾ ಮನುಷ್ಯ ಎಂದು ನೀವು ತಿಳಿದುಕೊಂಡೀರಿ.

ಅವರು ಹಲ್ಲುಪುಡಿ ಮಾಡಿ ಮಾರಬೇಕೆಂದಿದ್ದರು. ಲಕ್ಕಯ್ಯ ಯುದ್ಧದ ಕಾಲದಲ್ಲಿ ಬೆಂಗಳೂರಿನ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದನಂತೆ. ಅಲ್ಲಿ ಕಾಂಪೌಂಡರು ಸೈನಿಕರಿಗೆ ಹಲ್ಲುಪುಡಿ ಕಲಸುವುದನ್ನು ನೋಡಿದ್ದ. ಊರಿಗೆ ಬಂದು ಹೆಂಡತಿ ಮಲ್ಲಿಗಮ್ಮನಿಗೆ ಹೇಳಿದ. ಅವಳು ಆ ಕಾಂಪೌಂಡರನ ಪುಡಿಯನ್ನು ಪಕ್ಕಕ್ಕೆ ತಳ್ಳಿ ತನ್ನದೇ ಒಂದು ಪುಡಿ ಮಾಡಿದಳು. ಭತ್ತದ ಹೊಟ್ಟು ಸುಟ್ಟ ಕರಿ, ಉಪ್ಪು, ಜಾಲಿಯ ತೊಗಟೆ, ಲವಂಗ, ಜೊತೆಗೆ ಏನೋ ಒಂದು ಸೊಪ್ಪು. ಆ ಸೊಪ್ಪು ಯಾವುದು ಎಂದು ಅವಳು ಗಂಡನಿಗೂ ಹೇಳಿರಲಿಲ್ಲ. ಕಲ್ಲಿನಲ್ಲಿ ಅರೆದು ಹಳೇ ಸೀರೆಯಲ್ಲಿ ಜರಡಿ ಹಿಡಿದರೆ ಕಾಡಿಗೆಯ ಹಾಗೆ ನುಣ್ಣಗೆ ಬರುತ್ತಿತ್ತು. ರಂಗಸ್ವಾಮಿಗೆ ಹಲ್ಲುನೋವಿದ್ದಾಗ ಲಕ್ಕಯ್ಯ ಅದನ್ನು ಒಂದು ಚೂರು ಕೊಟ್ಟನಂತೆ, ನಾಲ್ಕು ದಿನದಲ್ಲಿ ವಾಸಿಯಾಯಿತಂತೆ. ವ್ಯಾಪಾರದ ಬುದ್ಧಿ ಹುಟ್ಟಿದ್ದು ಅಲ್ಲಿ.

ಚೀಟಿಗೆ ಚಿತ್ರ ಬೇಕಲ್ಲ. ನನ್ನ ಹತ್ತಿರ ಯಾವುದೋ ಹಳೇ ಕೆಲಸದಿಂದ ಉಳಿದಿದ್ದ ಕೊಕ್ಕರೆಯ ಬ್ಲಾಕು ಒಂದಿತ್ತು, ಅದನ್ನೇ ಅವರ ತಲೆಗೆ ಕಟ್ಟಿದೆ. ಕಪ್ಪು ಪುಡಿಗೆ ಬಿಳೀ ಕೊಕ್ಕರೆ, ಚೆನ್ನಾಗಿಯೇ ಒಪ್ಪಿತು. ತಯಾರಕರು ಎಂಬ ಕಡೆ ಯಾರ ಹೆಸರು ಹಾಕಲಿ ಎಂದು ಕೇಳಿದೆ. ಸದ್ಯಕ್ಕೆ ತನ್ನ ಹೆಸರು ಹಾಕಿ ಎಂದ ರಂಗಸ್ವಾಮಿ. ಬಾಯಿಗೆ ಹಾಕಿಕೊಳ್ಳುವ ಪದಾರ್ಥ, ಯಾವ ಕೇರಿಯಲ್ಲಿ ಅರೆದದ್ದು ಎಂದು ಗೊತ್ತಾದರೆ ಒಬ್ಬನೂ ಮುಟ್ಟುವುದಿಲ್ಲ. ಮೂರು ವರ್ಷ ಹೋಗಲಿ, ಜನರ ಬಾಯಿಗೆ ರುಚಿ ಹತ್ತಲಿ, ಆಮೇಲೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸೋಣ ಎಂದ.

ಲಕ್ಕಯ್ಯನಿಗೆ ಬೇಸರವಾಗಿರಬೇಕು ಎಂದು ನಾನು ಹೊಸ್ತಿಲಿನ ಆಚೆ ನೋಡಿದೆ. ಬೇಸರವೇನೂ ಇರಲಿಲ್ಲ. ಅದು ಅವನದೇ ಲೆಕ್ಕಾಚಾರವಾಗಿತ್ತು.

“ನಾಲ್ಗೇಗೆ ಜಾತಿ ಗೊತ್ತಾಗಕಿಲ್ಲ ಸಾ, ರುಚಿ ಗೊತ್ತಾಯ್ತದೆ. ಮೊದ್ಲು ರುಚಿ ಗೊತ್ತಾಗ್ಲಿ. ರುಚಿ ಅತ್ತುದ್ಮೇಲೆ ಯಾರ್ ಅರೆದ್ರೇನು ಅಂತ ಅವ್ರೇ ಅಂತಾರೆ,” ಎಂದ. ಆಮೇಲೆ ಮೆಲ್ಲಗೆ, ತನ್ನ ಹೆಸರು ಹಾಕದಿದ್ದರೂ ಚಿಂತೆಯಿಲ್ಲ, ಮಲ್ಲಿಗಮ್ಮನ ಹೆಸರು ಮಾತ್ರ ಕೊಕ್ಕರೆಯ ಕಾಲಕೆಳಗೆ ಬರಬೇಕು ಎಂದ.

ಲಕ್ಕಯ್ಯನದು ಊರಿಗೆ ಸಾರುವ ಮನೆತನ. ಕಂದಾಯ ಕಟ್ಟುವ ದಿನ, ಕೆರೆಯ ತೂಬು ಎತ್ತುವ ದಿನ, ಯಾರದಾದರೂ ಸಾವು, ಎಲ್ಲವನ್ನೂ ತಮಟೆ ಬಡಿದು ಊರಿಗೆ ತಿಳಿಸುವುದು ಅವರ ಕೆಲಸ. ಸಾರುವವನ ಬಾಯಲ್ಲಿ ಸುಳ್ಳು ಬರಬಾರದು ಎಂಬುದು ಕಟ್ಟಳೆ. ಅವನ ತಾತ ಒಮ್ಮೆ ತೂಬು ಎತ್ತುವ ದಿನವನ್ನು ತಪ್ಪಾಗಿ ಸಾರಿದ್ದಕ್ಕೆ ಚಾವಡಿಯಲ್ಲಿ ನಿಲ್ಲಿಸಿ ತಮಟೆ ಕಿತ್ತುಕೊಂಡಿದ್ದರಂತೆ. ಅದನ್ನು ವಾಪಸು ಕೊಡಲು ಒಂದು ವರ್ಷ ಸತಾಯಿಸಿದರಂತೆ. ಹೀಗಾಗಿ ಲಕ್ಕಯ್ಯ ತಮಟೆ ಬಡಿದು ಹೇಳಿದ ಎಂದರೆ ಅದು ಪತ್ರಕ್ಕಿಂತ ಗಟ್ಟಿ. ಅವನ ಕೈನೀರು ಆಗದು, ಅವನ ಬಾಯಿಮಾತು ಆಗುತ್ತದೆ. ನಮ್ಮ ಜನದ ಲೆಕ್ಕವೇ ಹೀಗೆ.

ವಾರಕ್ಕೆ ನಾಲ್ಕು ಸಂತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ರಂಗಸ್ವಾಮಿ ಚಾಪೆ ಹಾಸಿಕೊಂಡು ಪೊಟ್ಟಣ ಇಟ್ಟುಕೊಂಡು ಕೂರುವುದು, ಹತ್ತು ಹೆಜ್ಜೆ ದೂರದಲ್ಲಿ ಲಕ್ಕಯ್ಯ ತಮಟೆ ಹಿಡಿದು ನಿಲ್ಲುವುದು. ಅವನು ಕೂಗುತ್ತಿದ್ದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

“ಕೇಳ್ರಪ್ಪೋ ಕೇಳಿ. ಕೊಕ್ರೆ ಮಾರ್ಕಿನ ಅಲ್ಲುಪುಡಿ. ಎಂಟು ದಿವ್ಸ ಉಜ್ಜಿ ನೋಡಿ. ಒಪ್ಪುದ್ರೆ ತಕ್ಕಳಿ. ಒಪ್ಪದೆ ಓದ್ರೆ ಮುಂದುಲ್ ಸಂತೇಲಿ ನಾನು ಇಲ್ಲೇ ನಿಂತಿರ್ತೀನಿ, ಬಂದು ಬೈರಿ.”

ಇಷ್ಟೇ. ಇದಕ್ಕೆ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ.

ಮೊದಲ ಮೂರು ತಿಂಗಳು ನೊಣ ಹೊಡೆದರು. ಜನಕ್ಕೆ ಬೇವಿನ ಕಡ್ಡಿ ಪುಕ್ಕಟೆ ಸಿಗುತ್ತಿತ್ತು, ಒಲೆಯ ಬೂದಿಗೂ ಬರವಿರಲಿಲ್ಲ. ರಂಗಸ್ವಾಮಿ ಪ್ರತಿ ವಾರ ಒಂದು ಹೊಸ ಐಡಿಯಾ ಹೊತ್ತು ನನ್ನ ಪ್ರೆಸ್ಸಿಗೆ ಬರುತ್ತಿದ್ದ. ಪುಡಿಗೆ ಗುಲಾಬಿ ಬಣ್ಣ ಹಾಕೋಣ, ಸಕ್ಕರೆ ಬೆರೆಸೋಣ, ಪೊಟ್ಟಣಕ್ಕೊಂದು ಬಾಚಣಿಗೆ ಕೊಡೋಣ, ಬೆಲೆ ಅರ್ಧಾಣೆಗೆ ಇಳಿಸೋಣ. ಪ್ರತಿ ಸಲವೂ ಲಕ್ಕಯ್ಯ ಹೊಸ್ತಿಲಲ್ಲಿ ನಿಂತು ಬೇಡ ಬುದ್ಧಿ ಅನ್ನುತ್ತಿದ್ದ. ಬಣ್ಣ ಬದಲಾಯಿಸಿದರೆ ಹೋದ ವಾರ ನೋಡಿದವನು ಈ ವಾರ ಗುರುತು ಹಿಡಿಯುವುದಿಲ್ಲ. ಬೆಲೆ ಇಳಿಸಿದರೆ ಹೋದ ವಾರ ಕೊಂಡವನು ಮೋಸ ಹೋದೆ ಅಂದುಕೊಳ್ಳುತ್ತಾನೆ. ಒಂದೇ ಜಾಗ, ಒಂದೇ ಮಾತು, ಒಂದೇ ಬೆಲೆ. ನಾಲ್ಕು ಸಲ ಕೇಳದೆ ಹೋದವನು ಐದನೇ ಸಲ ನಿಲ್ಲುತ್ತಾನೆ. ಅಲ್ಲಿಯವರೆಗೆ ನಾವು ತಾಳಬೇಕು.

ಯಾವ ಕಾಲೇಜಿನಲ್ಲೂ ಓದದ ಮನುಷ್ಯ ಇದನ್ನೆಲ್ಲ ಹೇಳುತ್ತಿದ್ದ. ರಂಗಸ್ವಾಮಿ ಗೊಣಗುತ್ತಲೇ ಕೇಳಿದ. ಅವನು ಮಾತು ಕೇಳುವವನು, ಅದನ್ನು ಒಪ್ಪಿಕೊಳ್ಳಬೇಕು. ತಾಳ್ಮೆ ಎಂಬ ವಿದ್ಯೆಯನ್ನು ಅವನಿಗೆ ಕಲಿಸಿದವನು ಲಕ್ಕಯ್ಯನೇ. ಕಲಿತದ್ದನ್ನು ಅವನು ಯಾರ ಮೇಲೆ ಪ್ರಯೋಗ ಮಾಡಿದ ಎಂಬುದೇ ನನ್ನ ಸಂಕಟ.

ಒಂದು ವರ್ಷದಲ್ಲಿ ವ್ಯಾಪಾರ ಕುದುರಿತು. ಎರಡನೇ ವರ್ಷ ಸಂತೆಗೆ ಬಂದ ಹೆಂಗಸರು ತಮಟೆಯ ಸದ್ದು ಹಿಡಿದುಕೊಂಡು ನೇರವಾಗಿ ಚಾಪೆಯ ಹತ್ತಿರ ಬರತೊಡಗಿದರು. ಮಳೆಯಿರಲಿ ಬಿಸಿಲಿರಲಿ ಲಕ್ಕಯ್ಯ ಅದೇ ಜಾಗದಲ್ಲಿ ಇರುತ್ತಿದ್ದ. ಹೊಳೆನರಸೀಪುರದಲ್ಲಿ ಒಂದು ಸಲ ಹೇಮಾವತಿ ಉಕ್ಕಿ ಸಂತೆಯೇ ಕೂಡಲಿಲ್ಲ. ಇವನು ಮಾತ್ರ ಹೋಗಿ ಖಾಲಿ ಮೈದಾನದಲ್ಲಿ ತಮಟೆ ಬಡಿದು ಬಂದನಂತೆ. ಯಾರಿಗೋಸ್ಕರ ಎಂದು ನಾನು ಗೇಲಿ ಮಾಡಿದೆ. ಇಲ್ಲೇ ನಿಂತಿರ್ತೀನಿ ಅಂದಮೇಲೆ ನಿಂತಿರಬೇಕಲ್ಲ ಸಾ ಎಂದ. ಐವತ್ತೇಳರಲ್ಲಿ ನಯಾಪೈಸೆ ಬಂದಾಗ ಆಣೆಗೆ ಆರೂಕಾಲು ಎಂದಾಯಿತು, ಅಂಗಡಿಯವರೆಲ್ಲ ಒಂದಾಣೆಯ ಸಾಮಾನನ್ನು ಏಳು ನಯಾಪೈಸೆ ಮಾಡಿದರು. ಇವನು ಜಗಳವಾಡಿ ಆರಕ್ಕೇ ನಿಲ್ಲಿಸಿದ. ಕೊಕ್ಕರೆ ಪುಡಿಯವರು ಒಂದು ಕಾಸೂ ಹೆಚ್ಚು ತಗೊಳ್ಳಲಿಲ್ಲ ಎಂಬ ಮಾತು ನಾಲ್ಕು ತಾಲ್ಲೂಕು ಸುತ್ತಿತು. ಸಾಲಗಾಮೆಯ ಕೇರಿಯಲ್ಲಿ ಮಲ್ಲಿಗಮ್ಮನ ಜೊತೆ ಹತ್ತು ಹೆಂಗಸರು ಅರೆಯಲು ಕೂತರು.

ಅದೇ ಐವತ್ತೇಳರಲ್ಲಿ ಮೂರು ವರ್ಷ ತುಂಬಿತು. ಲಕ್ಕಯ್ಯ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದ. ರಂಗಸ್ವಾಮಿಯೂ ಬಂದ. ಹೆಸರು ಸೇರಿಸಿ ಎಂದು ಇಬ್ಬರೂ ಹೇಳಿದರು. ಆ ವಾರ ನಾನು ‘ಅಸ್ಪೃಶ್ಯತೆಯ ಆಚರಣೆ ಅಪರಾಧ’ ಎಂಬ ಪೋಸ್ಟರು ಅಚ್ಚು ಹಾಕುತ್ತಿದ್ದೆ, ದಪ್ಪ ಅಚ್ಚುಮೊಳೆಗಳೆಲ್ಲ ಅದಕ್ಕೇ ಹೋಗಿದ್ದವು. ಸಣ್ಣ ಮೊಳೆಯಲ್ಲಿ ‘ಮಲ್ಲಿಗಮ್ಮ, ಲಕ್ಕಯ್ಯ, ಸಾಲಗಾಮೆ’ ಎಂದು ಜೋಡಿಸಿ ಪ್ರೂಫು ತೆಗೆದುಕೊಟ್ಟೆ. ಲಕ್ಕಯ್ಯ ಅಕ್ಷರ ಬಲ್ಲವನು. ಹಸಿ ಮಸಿಗೆ ಬೆರಳು ತಾಗದ ಹಾಗೆ ಕಾಗದವನ್ನು ಅಂಚಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಸಾಯಂಕಾಲ ರಂಗಸ್ವಾಮಿ ಒಬ್ಬನೇ ವಾಪಸು ಬಂದ. ತಂಗಿಯ ಮದುವೆ ಗೊತ್ತಾಗುತ್ತಿದೆ, ಬೀಗರು ಅರಕಲಗೂಡಿನವರು, ಈಗ ಬೇಡ, ಇನ್ನೊಂದು ವರ್ಷ ಕಳೆಯಲಿ ಎಂದ. ನಾನು ಮೊಳೆಗಳನ್ನು ಬಿಚ್ಚಿ ಗೂಡುಗಳಿಗೆ ಹಂಚಿದೆ.

ಐವತ್ತೊಂಬತ್ತರಲ್ಲಿ ಮತ್ತೆ ಜೋಡಿಸಿದೆ, ಮತ್ತೆ ಬಿಚ್ಚಿದೆ. ಆ ಸಲ ಯಾವುದೋ ಎಲೆಕ್ಷನ್ನು ಅಡ್ಡ ಬಂತು. ಅರವತ್ತೊಂದರಲ್ಲಿ ಹೊಸ ಅಂಗಡಿಯವನೊಬ್ಬ ಪುಡಿಯ ಪೈಪೋಟಿಗೆ ಬಂದಿದ್ದ, ಅವನ ಕೈಗೆ ನಾವಾಗಿ ಕತ್ತಿ ಕೊಡುವುದು ಬೇಡ ಎಂದಾಯಿತು. ಪ್ರತಿ ಸಲವೂ ರಂಗಸ್ವಾಮಿ ಸಿಟ್ಟಾಗುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ನೀನೇ ಹೇಳ್ತಿದ್ದೆಯಲ್ಲ ಲಕ್ಕ, ಅವಸರ ಮಾಡಬಾರದು ಅಂತ, ಎನ್ನುತ್ತಿದ್ದ. ಲಕ್ಕಯ್ಯ ನಗುತ್ತಿದ್ದ. ಅವನದೇ ಬುತ್ತಿ ಅವನಿಗೇ ಹಳಸಿ ಬರುತ್ತಿತ್ತು.

ರಂಗಸ್ವಾಮಿ ಕೆಟ್ಟವನಾಗಿದ್ದರೆ ಈ ಕತೆ ಸುಲಭವಿರುತ್ತಿತ್ತು. ಅವನು ಹೇಳಿದ ದುಡ್ಡನ್ನು ಹೇಳಿದ ದಿನ ಕೊಡುತ್ತಿದ್ದ. ಮಲ್ಲಿಗಮ್ಮನಿಗೆ ಟೈಫಾಯಿಡ್ ಬಂದಾಗ ತಾನೇ ಜಟಕಾ ಮಾಡಿ ಆಸ್ಪತ್ರೆಗೆ ಸೇರಿಸಿದ. ಅಂಗಡಿಯ ಒಳಗೆ ಲಕ್ಕಯ್ಯನಿಗೆ ಸ್ಟೂಲು ಹಾಕಿಸಿದ, ಹಾಸನದಲ್ಲಿ ಆಗ ಅದೇ ದೊಡ್ಡ ಮಾತು. ಒಂದು ಹೆಸರು ಮಾತ್ರ ಅವನ ಕೈಯಿಂದ ಆಗಲಿಲ್ಲ.

ನನ್ನ ವಿಷಯವನ್ನೂ ಹೇಳಬೇಕು. ನನ್ನ ಮನೆಯಲ್ಲೂ ಕೊಕ್ಕರೆ ಪುಡಿಯೇ. ನಾನು, ನನ್ನ ಹೆಂಡತಿ, ಮಕ್ಕಳು, ಎಲ್ಲರೂ ಅದರಲ್ಲೇ ಉಜ್ಜುತ್ತಿದ್ದೆವು. ಅದು ಎಲ್ಲಿ ಅರೆದದ್ದು ಎಂದು ನನಗೊಬ್ಬನಿಗೇ ಗೊತ್ತು. ಹೆಂಡತಿಗೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಮಡಿ ಮೈಲಿಗೆ ಜಾಸ್ತಿ ಇದ್ದವಳು, ಸಮಯ ನೋಡಿ ಹೇಳೋಣ ಎಂದು ನಾನೂ ತಾಳಿಕೊಂಡೇ ಬಂದೆ.

ಅರವತ್ತಮೂರರಲ್ಲಿ ಚನ್ನರಾಯಪಟ್ಟಣದ ಸಂತೆಯಲ್ಲಿ ಗುಟ್ಟು ಒಡೆಯಿತು. ಬೆಟ್ಟಮ್ಮ ಎಂಬ ಒಬ್ಬ ಗೌಡರ ಮನೆಯ ಹೆಂಗಸು, ಮೊದಲ ವರ್ಷದಿಂದ ಗಿರಾಕಿ. ವಸಡಿನಲ್ಲಿ ರಕ್ತ ಬರುವುದು ಈ ಪುಡಿಯಿಂದ ನಿಂತಿತೆಂದು ಕಂಡಕಂಡವರಿಗೆ ಹೇಳಿ ಹತ್ತಾರು ಮನೆಗೆ ಹತ್ತಿಸಿದವಳು. ಅವಳ ತಮ್ಮನ ಮಗಳನ್ನು ಸಾಲಗಾಮೆಗೆ ಕೊಟ್ಟಿತ್ತು. ಆ ಹುಡುಗಿ ಬಾಣಂತನಕ್ಕೆ ತವರಿಗೆ ಬಂದವಳು, ಸಾಲಗಾಮೆಯ ಕೇರಿಯ ಅಂಗಳದಲ್ಲಿ ಚಾಪೆಗಟ್ಟಲೆ ಕಪ್ಪು ಪುಡಿ ಒಣಗಿಸುವುದನ್ನು ಕಂಡದ್ದಾಗಿ ಹೇಳಿದಳು. ಬೆಟ್ಟಮ್ಮ ಬೆನ್ನ ಹಿಂದೆ ಆಡುವವಳಲ್ಲ. ಮುಂದಿನ ಸಂತೆಗೆ ಬಂದು, ತಮಟೆ ನಿಲ್ಲಿಸುವವರೆಗೆ ಕಾದು, ಎಲ್ಲರೆದುರಿಗೆ ಕೇಳಿದಳು.

“ಲಕ್ಕಯ್ಯ, ನೀನು ಸುಳ್ಳು ಯೋಳೋ ಮನ್ಸ ಅಲ್ಲ. ಈ ಪುಡಿ ನಿನ್ನ ಎಂಡ್ರು ಅರೆಯೋದಾ?”

ಒಂಬತ್ತು ವರ್ಷದಿಂದ ಅವನು ಕಾದಿದ್ದ ಪ್ರಶ್ನೆ ಅದು. ಹೌದು ಕಣವ್ವ, ನಿನ್ನ ವಸಡು ವಾಸಿ ಮಾಡಿದ್ದು ಅವಳ ಕೈ ಎನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಆದರೆ ರಂಗಸ್ವಾಮಿಗೆ ಮಾತು ಕೊಟ್ಟಿದ್ದ, ಹೇಳುವ ದಿನ ಇಬ್ಬರೂ ಸೇರಿ ಹೇಳೋಣ ಎಂದು. ರಂಗಸ್ವಾಮಪ್ಪನವರನ್ನು ಕೇಳವ್ವ ಎಂದುಬಿಟ್ಟ. ಬೆಟ್ಟಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಕೊಂಡಿದ್ದ ಪೊಟ್ಟಣವನ್ನು ಚಾಪೆಯ ಮೇಲಿಟ್ಟು ಹೊರಟುಹೋದಳು.

ಮೂರೇ ವಾರ. ನಾಲ್ಕು ಸಂತೆಯಲ್ಲೂ ಪೊಟ್ಟಣ ಕೇಳುವವರಿಲ್ಲ. ಅಂಗಡಿಗಳಿಂದ ಮೂಟೆಗಟ್ಟಲೆ ವಾಪಸು ಬಂತು. ಒಂದು ದಿನ ಮನೆಗೆ ಹೋದರೆ ನನ್ನ ಹೆಂಡತಿ ಪುಡಿಯ ಡಬ್ಬಿಯನ್ನು ಚರಂಡಿಗೆ ಸುರಿದು, ಮಕ್ಕಳ ಬಾಯಿಗೆಲ್ಲ ಅರಿಸಿನದ ನೀರು ಹಾಕಿ ಮುಕ್ಕಳಿಸುವಂತೆ ಮಾಡುತ್ತಿದ್ದಳು. ಯಾರ ಕೈಯಲ್ಲಿ ಅರೆಸಿದ್ದು ಗೊತ್ತೇನ್ರೀ ಎಂದಳು. ನಾನು, ಹೌದಾ, ಎಂದೆ. ಒಂಬತ್ತು ವರ್ಷದಿಂದ ಗೊತ್ತಿದ್ದವನು ಹುಬ್ಬೇರಿಸಿ ಹೌದಾ ಎಂದೆ. ಆ ಎರಡು ಅಕ್ಷರ ನೆನೆದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ರಂಗಸ್ವಾಮಿ ಒಂದು ಮಧ್ಯಾಹ್ನ ಲಕ್ಕಯ್ಯನನ್ನು ಕರೆದುಕೊಂಡು ಪ್ರೆಸ್ಸಿಗೆ ಬಂದ. ಕಾಗದದಲ್ಲಿ ಒಂದು ಪ್ರಕಟಣೆ ಬರೆದು ತಂದಿದ್ದ. ಕೊಕ್ಕರೆ ಮಾರ್ಕಿನ ಹಲ್ಲುಪುಡಿಯು ಹಾಸನದ ಸ್ವಂತ ಕಾರ್ಖಾನೆಯಲ್ಲಿ ಶುದ್ಧಾಚಾರದವರ ಕೈಯಿಂದಲೇ ತಯಾರಾಗುತ್ತದೆ, ಸಾಲಗಾಮೆಯಲ್ಲಿ ಯಾರೂ ತಯಾರಿಸುವುದಿಲ್ಲ, ಕಿಡಿಗೇಡಿಗಳ ಮಾತಿಗೆ ಕಿವಿಗೊಡಬಾರದು. ಐದುನೂರು ಪ್ರತಿ ಬೇಕೆಂದ. ಕಾರ್ಖಾನೆ ಎಲ್ಲಿದೆ ಎಂದು ಕೇಳಿದೆ. ಮಾಡೋಣ ಎಂದ.

ಆಮೇಲೆ ಲಕ್ಕಯ್ಯನ ಕಡೆ ತಿರುಗಿದ. “ಇದ್ನ ಓದೋರು ಎಷ್ಟು ಜನ ಅವ್ರೆ ಲಕ್ಕ? ನಿನ್ ಬಾಯಲ್ಲಿ ಬರ್ಬೇಕು ಕಣ್ಲಾ. ನಾಕು ಸಂತೇಲೂ ತಮಟೆ ಒಡ್ದು ಸಾರ್ಬುಡು. ನೀನು ಯೋಳುದ್ರೆ ನಂಬ್ತಾರೆ.”

“ನಂಬ್ತಾರೆ ಅಂತ್ಲೇ ಬ್ಯಾಡ ಬುದ್ಧಿ,” ಎಂದ ಲಕ್ಕಯ್ಯ.

ನಾನು ಮೊಳೆ ಜೋಡಿಸುವವನ ಹಾಗೆ ತಲೆ ತಗ್ಗಿಸಿಕೊಂಡೆ. ರಂಗಸ್ವಾಮಿ ಕೂಗಾಡಲಿಲ್ಲ. ಕುರ್ಚಿಯಿಂದೆದ್ದು ಹೊಸ್ತಿಲ ತನಕ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. ಸಾರದೆ ಹೋದರೆ ಪುಡಿ ಸತ್ತ ಹಾಗೆ ಎಂದ. ತನಗೇನು, ಕಟ್ಟಾಯದಲ್ಲಿ ಗದ್ದೆಯಿದೆ, ನಾಳೆ ಹೋಗಿ ಏರಿ ಮೇಲೆ ಕೂರುತ್ತಾನೆ. ಹನ್ನೊಂದು ಹೆಂಗಸರು ಎಲ್ಲಿಗೆ ಹೋಗುತ್ತಾರೆ? ಒಂಬತ್ತು ವರ್ಷ ನಿಂತು ಕಟ್ಟಿದ್ದನ್ನು ಒಂದು ಮಾತಿಗಾಗಿ ಕೆಡವುತ್ತೀಯಾ? ಈ ಗಲಾಟೆ ತಣ್ಣಗಾಗಲಿ. ವ್ಯಾಪಾರ ಇದ್ದರೆ ತಾನೇ ಒಂದಲ್ಲ ಒಂದು ದಿನ ಹೆಸರು. “ಇನ್ನೊಂಚೂರು ತಾಳು ಲಕ್ಕ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ.

ಲಕ್ಕಯ್ಯ ನನ್ನ ಕಡೆ ನೋಡಿದ. ನಾನು ಒಂದು ಮಾತು ಆಡಿದ್ದರೆ ಅವತ್ತು ಏನಾಗುತ್ತಿತ್ತೋ ಗೊತ್ತಿಲ್ಲ. ಆಡಲಿಲ್ಲ. ಪ್ರಕಟಣೆಯನ್ನು ಅಚ್ಚು ಹಾಕಿ ಕಟ್ಟು ಕಟ್ಟಿ ಕೊಟ್ಟೆ.

ಚನ್ನರಾಯಪಟ್ಟಣದ ಸಂತೆಗೆ ನಾನೂ ಹೋದೆ. ಯಾಕೆ ಹೋದೆ ಎಂದರೆ, ಅವನು ಕೊನೆಯ ಗಳಿಗೆಯಲ್ಲಿ ಸಾರಲಾರ ಎಂದು ನನ್ನ ಮನಸ್ಸು ಹೇಳುತ್ತಿತ್ತು. ನಾನು ಆಡದ ಮಾತನ್ನು ಅವನಾದರೂ ಆಡಲಿ ಎಂಬ ಆಸೆ. ನನ್ನಂಥ ಹೇಡಿಗಳ ಆಸೆಯೇ ಅಂಥದ್ದು. ಲಕ್ಕಯ್ಯ ತನ್ನ ಮಾಮೂಲಿ ಜಾಗದಲ್ಲಿ ನಿಂತು ತಮಟೆಯನ್ನು ಬೆಂಕಿಗೆ ಕಾಯಿಸಿ ಬಡಿದ. ಜನ ಸೇರಿದರು, ಕೊಳ್ಳಲಿಕ್ಕಲ್ಲ, ಅವನು ಏನು ಹೇಳುತ್ತಾನೆ ಎಂದು ಕೇಳಲಿಕ್ಕೆ. ಬೆಟ್ಟಮ್ಮನೂ ಬಂದು ಮುಂದೆ ನಿಂತಳು.

“ಕೇಳ್ರಪ್ಪೋ ಕೇಳಿ,” ಎಂದ. ದನಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. “ಕೊಕ್ರೆ ಮಾರ್ಕಿನ ಪುಡೀನ ಸಾಲಗಾಮೆ ಕೇರೀಲಿ ಅರೆಯಾಕಿಲ್ಲ. ನನ್ನ ಎಂಡ್ತಿ ಮಲ್ಲಿಗಮ್ಮ ಅದ್ನ ಯಾವತ್ತೂ ಕೈಲಿ ಮುಟ್ಟಿಲ್ಲ.”

ಹೆಸರನ್ನು ಪ್ರಕಟಣೆಯಲ್ಲಿ ರಂಗಸ್ವಾಮಿ ಬರೆದಿರಲಿಲ್ಲ. ಅವನಾಗಿ ಸೇರಿಸಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಕೊಕ್ಕರೆಯ ಜೊತೆಗೆ ಸಂತೆಯಲ್ಲಿ ಕೇಳಿಸಿತು. ಯಾಕೆ ಸೇರಿಸಿದನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಲಕ್ಕಯ್ಯ ಸಾರಿದ ಮೇಲೆ ಮುಗಿಯಿತು ಎಂದು ಯಾರೋ ಅಂದರು. ಬೆಟ್ಟಮ್ಮ ಸೆರಗಿನ ಗಂಟು ಬಿಚ್ಚುತ್ತ ಮುಂದೆ ಬಂದಳು. ಒಳ್ಳೆಯ ಮನಸ್ಸಿನ ಹೆಂಗಸು, ಅವಳ ಮುಖದಲ್ಲಿ ನಾಚಿಕೆಯಿತ್ತು.

“ತೆಪ್ಪಾಯ್ತು ಕಣಪ್ಪ ಲಕ್ಕಯ್ಯ. ಮಲ್ಲಿಗಮ್ಮನ ಮ್ಯಾಲೆ ಇಲ್ದಿದ್ ಅಪವಾದ ಒರಿಸ್ಬುಟ್ಟೆ. ಅವ್ಳಿಗೆ ಯೋಳು, ನಾನು ತೆಪ್ಪಾಯ್ತು ಅಂದೆ ಅಂತ.”

ಎರಡು ಪೊಟ್ಟಣ ಕೊಂಡಳು. ಹಿಂದೆಯೇ ಜನ ಮುಗಿಬಿದ್ದರು. ಸಂಜೆಯೊಳಗೆ ಮೂಟೆ ಖಾಲಿ. ಲಕ್ಕಯ್ಯ ಹತ್ತು ಹೆಜ್ಜೆ ಆಚೆ ತಮಟೆಯನ್ನು ಎದೆಗೆ ಒರಗಿಸಿಕೊಂಡು ನಿಂತಿದ್ದ. ನಾನು ಅವನ ಹತ್ತಿರ ಹೋಗದೆ ಬಸ್ಸು ಹತ್ತಿದೆ.

ಉಳಿದ ಮೂರು ಸಂತೆಗಳಲ್ಲೂ ಹಾಗೆಯೇ ಆಯಿತಂತೆ. ರಂಗಸ್ವಾಮಿ ಹತ್ತು ಸಾವಿರ ಚೀಟಿಗೆ ಆರ್ಡರು ಕೊಟ್ಟ. ಕಾರ್ಖಾನೆ ಎಂದು ಒಂದು ಬಾಡಿಗೆ ಕೊಠಡಿ ಹಿಡಿದು ಬೋರ್ಡು ಹಾಕಿದ. ಪುಡಿ ಮಾತ್ರ ಸಾಲಗಾಮೆಯಿಂದಲೇ ಬರುತ್ತಿತ್ತು, ಈಗ ರಾಗಿಯ ಚೀಲದ ನಡುವೆ ಅಡಗಿಸಿಕೊಂಡು.

ಎರಡು ವಾರ ನನಗೆ ಊಟ ಸೇರಲಿಲ್ಲ. ಕೊನೆಗೆ ಪೌರುಷ ಉಕ್ಕಿ, ಯಾರನ್ನೂ ಕೇಳದೆ, ನನ್ನ ಕೈಯಿಂದಲೇ ಕಾಗದ ಹಾಕಿ, ಒಂದು ಸಾವಿರ ಹೊಸ ಚೀಟಿ ಅಚ್ಚು ಹಾಕಿದೆ. ಕೊಕ್ಕರೆಯ ಕಾಲಕೆಳಗೆ ದಪ್ಪ ಮೊಳೆಯಲ್ಲಿ ಮಲ್ಲಿಗಮ್ಮ ಮತ್ತು ಲಕ್ಕಯ್ಯ. ಬೇರೆ ಯಾರ ಹೆಸರೂ ಇಲ್ಲ. ನೀವೇ ಮಾರಿಕೊಳ್ಳಿ, ರಂಗಸ್ವಾಮಿ ಏನು ಮಾಡುತ್ತಾನೋ ನೋಡೋಣ ಎಂದು ಹೇಳಬೇಕೆಂದು ಬೆಳಗಿನ ಬಸ್ಸಿಗೆ ಸಾಲಗಾಮೆಗೆ ಹೋದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಮೆಚ್ಚಿಕೊಂಡೆ.

ಕೇರಿಗೆ ಅದೇ ಮೊದಲ ಸಲ ಕಾಲಿಟ್ಟದ್ದು. ಮಲ್ಲಿಗಮ್ಮ ಅಂಗಳದಲ್ಲಿ ಕಲ್ಲಿನ ಮುಂದೆ ಕೂತಿದ್ದಳು. ಮೊಣಕೈಯವರೆಗೆ ಕಪ್ಪು. ನಾನು ಇಷ್ಟು ವರ್ಷ ಹೆಸರು ಜೋಡಿಸುತ್ತಿದ್ದ ಹೆಂಗಸನ್ನು ಆವತ್ತೇ ಕಣ್ಣಾರೆ ಕಂಡದ್ದು. ಚಿಕ್ಕ ಆಳು, ತಲೆ ನರೆತಿತ್ತು. ಲಕ್ಕಯ್ಯ ಜಗಲಿಯಲ್ಲಿ ತಮಟೆಯ ಹುರಿ ಬಿಗಿಯುತ್ತಿದ್ದ, ಅಂದು ಅರಕಲಗೂಡಿನ ಸಂತೆ. ನಾನು ಕಟ್ಟು ಬಿಚ್ಚಿ ಒಂದು ಚೀಟಿಯನ್ನು ಅವನ ಕೈಗೆ ಕೊಟ್ಟೆ. ಇದು ನನ್ನ ಖರ್ಚು, ಒಂದು ಕಾಸೂ ಬೇಡ, ಇವತ್ತೇ ಅಂಟಿಸು ಎಂದೆ.

ಅವನು ಓದಿದ. ಹೆಂಡತಿಗೂ ಓದಿ ಹೇಳಿದ. ಅವಳು ಅರೆಯುವುದನ್ನು ನಿಲ್ಲಿಸಲಿಲ್ಲ.

“ಸಂತೇಲಿ ಜನ ನಂಬ್ಬುಟ್ರಂತೆ ಸಾ,” ಎಂದಳು ನನ್ನ ಕಡೆ ನೋಡದೆ. “ಒಂಬತ್ತು ವರ್ಸ ಈವಯ್ಯ ಒಂದು ಸುಳ್ಳು ಆಡಿರ್ನಿಲ್ಲ. ಅದುಕ್ಕೇ ನಂಬುದ್ರು.”

ಲಕ್ಕಯ್ಯ ಚೀಟಿಯನ್ನು ಮಡಿಸದೆ, ಸುಕ್ಕಾಗದ ಹಾಗೆ, ಕಟ್ಟಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟ. ಅದನ್ನು ನನ್ನ ಕಡೆ ಸರಿಸಿದ.

“ನಾಕೂ ಸಂತೇಲಿ ತಮಟೆ ಒಡ್ದು ಇಲ್ಲ ಅಂತ ಸಾರಿವ್ನಿ ಸಾ. ಇನ್ನು ಇದ್ನ ಅಂಟುಸ್ಕಂಡು ಓದ್ರೆ, ಇದೇ ಸುಳ್ಳು ಅಂತಾರೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಬದುಕಿಕೊಳ್ಳಲು ದಾರಿಯಿರುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಎದ್ದ. ನಾನು ಆ ಸಾವಿರ ಚೀಟಿಯನ್ನು ಹೊತ್ತುಕೊಂಡು ಅವನ ಹಿಂದೆ ರಸ್ತೆಯವರೆಗೆ ನಡೆದೆ. ಇಬ್ಬರಿಗೂ ಒಂದೇ ಬಸ್ಸು. ಹಾಸನದವರೆಗೆ ಅವನು ನಿಂತೇ ಬಂದ. ನನ್ನ ಪಕ್ಕದ ಜಾಗ ಖಾಲಿಯಿತ್ತು.